ಎರಡನೇ ಸಲ ನೋಡಿದ ಗಾಜು

ನವೆಂಬರ್ ೧೪

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಆಸ್ಪತ್ರೆಯಲ್ಲಿ ಕೈತುಂಬ ಕೆಲಸ ಎನ್ನಬಹುದು, ಅದು ಸುಳ್ಳೂ ಅಲ್ಲ. ಚಿನ್ನುವಿಗೆ ಮುಂದಿನ ಹಲ್ಲು ಬಿತ್ತೆಂದು ಓದಿ ನಕ್ಕೆ. ನಾನು ಕಳಿಸಿದ ಸ್ವೆಟರಿನ ತೋಳು ಉದ್ದವಾದರೆ ಮಡಿಸಿ ಹೊಲಿ, ಬೆಳೆಯುವ ಮಗು.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ಇಪ್ಪತ್ತು ವರ್ಷದಿಂದ ಲ್ಯಾಬಲ್ಲಿ ರಕ್ತ ನೋಡ್ತಿದೀಯ. ಇವರ ರಕ್ತದಲ್ಲಿ ಏನೂ ಇಲ್ಲ ಅಂತ ರಿಪೋರ್ಟ್ ಬಂತು. ಮೂರೇ ದಿನಕ್ಕೆ ಮಲೇರಿಯಾ ತಲೆಗೇರಿ ಹೇಗೆ ಹೋಗಿಬಿಟ್ರು?"

ತಿಳಿದಷ್ಟು ಹೇಳುತ್ತೇನೆ. ಆ ರೋಗಾಣುವನ್ನು ನಾವು ಲ್ಯಾಬಿನಲ್ಲಿ ಕಳ್ಳ ಎನ್ನುತ್ತೇವೆ. ಸೊಳ್ಳೆ ಕಚ್ಚಿ ಗಂಟೆ ಕಳೆಯುವುದರೊಳಗೆ ಅವನು ಲಿವರಿನಲ್ಲಿ ಅಡಗುತ್ತಾನೆ. ವಾರ ಬಿಟ್ಟು ಹೊರಬಂದು ಕೆಂಪು ರಕ್ತಕಣದೊಳಗೆ ನುಗ್ಗುತ್ತಾನೆ. ಮೈಯ ಕಾವಲಿನವರು ಅದರೊಳಗೆ ಇಣುಕುವುದಿಲ್ಲ. ಕಣದ ಹೊರಗೆ ಅವನ ಗುರುತು ಮೂಡುತ್ತದೆ, ನಿಜ. ಆದರೆ ಕಾವಲಿನವರು ಆ ಗುರುತು ಕಲಿಯುವಷ್ಟರಲ್ಲಿ ಅಂಗಿ ಬದಲಾಯಿಸಿರುತ್ತಾನೆ. ರಕ್ತ ಸೋಸುವ ಗುಲ್ಮಕ್ಕೆ ಹೋದರೆ ಸಿಕ್ಕಿಬೀಳುತ್ತಾನಲ್ಲ, ಅದಕ್ಕೆ ಮಿದುಳಿನ ಸಣ್ಣ ನಾಳಗಳ ಗೋಡೆಗೆ ಅಂಟಿ ಕೂರುತ್ತಾನೆ. ಬೆರಳು ಚುಚ್ಚಿ ಗಾಜಿಗೆ ಬಳಿದ ಹನಿಯಲ್ಲಿ ಒಬ್ಬನೋ ಇಬ್ಬರೋ ಕಂಡರೆ ಪುಣ್ಯ.

ಅದಕ್ಕೇ ನಮ್ಮಲ್ಲೊಂದು ಕಟ್ಟುನಿಟ್ಟು. ಮೈಕ್ರೋಸ್ಕೋಪಿನಡಿ ಗಾಜನ್ನು ಸರಿಸುತ್ತಾ ಇನ್ನೂರು ಜಾಗ ನೋಡದೆ 'ಕಾಣಲಿಲ್ಲ' ಎಂದು ಬರೆಯುವಂತಿಲ್ಲ. ಹೊಸಬರಿಗೆ ಕಲಿಸುವವಳು ನಾನೇ. "ಮೇಡಂ, ಕಣ್ಣು ಉರಿಯುತ್ತೆ" ಎಂದರೆ "ಉರೀಲಿ, ಎಣಿಸಿ" ಎಂದು ಗದರುತ್ತೇನೆ.

ನಿನ್ನ ಯಜಮಾನರು, ನಮ್ಮ ಡ್ರೈವರ್ ಸಾಹೇಬರು, ರಕ್ತ ಕೊಡಲು ಬಂದ ದಿನ ಲ್ಯಾಬಿನ ಹೊರಗೆ ಬೆಂಚಿನ ಮೇಲೆ ನಡುಗುತ್ತಾ ಕೂತಿದ್ದರು. "ಅತ್ತಿಗೆ, ನನ್ನ ರಕ್ತದಲ್ಲಿ ಡೀಸೆಲ್ ಬಿಟ್ಟು ಇನ್ನೇನೂ ಸಿಗಲ್ಲ ನಿಮಗೆ" ಎಂದರು. ನಾನೂ ನಕ್ಕೆ.

ನಿನ್ನ ಅತ್ತೆ ಬಂದವರೆದುರೆಲ್ಲ "ಗಂಡನ್ನ ಮೂರು ದಿನ ಮನೇಲೇ ಮಲಗಿಸಿ ಕಳಕೊಂಡ್ಳು" ಎನ್ನುತ್ತಾರಂತೆ. ನೀನೂ ಅದನ್ನೇ ನಂಬಿ ಊಟ ಬಿಟ್ಟಿದ್ದೀಯೆಂದು ಅಮ್ಮ ಫೋನಿನಲ್ಲಿ ಅತ್ತಳು. ತಪ್ಪು ನಿನ್ನದಲ್ಲ ಪುಟ್ಟಿ. ಸಮಾಧಾನಕ್ಕೆಂದು ಹೇಳುತ್ತಿಲ್ಲ.

ಹೊತ್ತು ಹೊತ್ತಿಗೆ ಎರಡು ತುತ್ತಾದರೂ ಉಣ್ಣು. ನಿನಗೂ ಮಗುವಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ

ತಾ.ಕ.: ನಾವು ನೋಡಿದ ಗಾಜುಗಳಲ್ಲಿ ಹತ್ತಕ್ಕೊಂದು ಮರುಪರೀಕ್ಷೆಗೆ ಹೋಗುತ್ತದೆ. ಆರಿಸಿ ಕಳಿಸುವವಳು ನಾನೇ. ನಿನ್ನ ಯಜಮಾನರದನ್ನು ಕಳಿಸಲಿಲ್ಲ. ನಿನ್ನ ಕಾಗದ ಬಂದ ದಿನ ಪೆಟ್ಟಿಗೆಯಿಂದ ತೆಗೆದು ನಾನೇ ಮತ್ತೆ ನೋಡಿದೆ. ಅರವತ್ತೊಂದನೇ ಜಾಗದಲ್ಲಿ ಕಳ್ಳ ಇದ್ದ. ನೂರಾ ಹದಿನೆಂಟರಲ್ಲಿ ಇನ್ನೊಬ್ಬ. ಅವತ್ತು ನಮ್ಮ ಮನೆ ಅಳಿಯ ಕಾಯಬಾರದೆಂದು ಸಾಲು ಮುರಿದು ಅವರ ಗಾಜನ್ನೇ ಮೊದಲು ನೋಡಿದೆ, ನಲವತ್ತಕ್ಕೆ ನಿಲ್ಲಿಸಿಬಿಟ್ಟೆ. 'ಕಾಣಲಿಲ್ಲ' ಎಂದು ಬರೆದವಳು, "ಬರೀ ಜ್ವರ, ಮನೆಗೆ ಕರ್ಕೊಂಡು ಹೋಗು" ಎಂದವಳು ನಾನು. ಇವತ್ತು ಬೆಳಿಗ್ಗೆ ಆ ಗಾಜನ್ನು ದೊಡ್ಡ ಡಾಕ್ಟರ ಮೇಜಿನ ಮೇಲೆ ಇಟ್ಟು, ಎಲ್ಲ ಹೇಳಿ ಬಂದೆ. ಕೆಲಸ ಉಳಿಯುವುದಿಲ್ಲ. ನನಗೆ ಉತ್ತರ ಬರೆಯದಿದ್ದರೂ ಸರಿ, ಈ ಹಾಳೆಯನ್ನು ಮಾತ್ರ ನಿನ್ನ ಅತ್ತೆಯೆದುರು ನಿಂತು ಜೋರಾಗಿ ಓದು.