ಎಸ್ಟೋನಿಯಾದಿಂದ ತಂದ ಕಾರು

ಅಪ್ಪ,

ಈ ಕಾಗದ ಹಾಕಲು ನಿನ್ನದೊಂದು ವಿಳಾಸವಿಲ್ಲ. ಆದರೂ ಹೇಳದೆ ಇರಲಾರೆ: ಕಾರು ಕೊನೆಗೂ ಮನೆ ಸೇರಿತು. ಹೆಲ್ಸಿಂಕಿಯಲ್ಲಿ ನೀನು ಟ್ಯಾಕ್ಸಿ ಓಡಿಸುತ್ತಿದ್ದೆಯಲ್ಲ, ಅಂಥದೇ ದುಂಡು ಬೆನ್ನಿನ ರಷ್ಯನ್ ಕಾರು. ಎಸ್ಟೋನಿಯಾದ ಮುದುಕರೊಬ್ಬರಿಂದ ಕೊಂಡು, ಇವತ್ತು ಬೆಳಿಗ್ಗೆ ಹಡಗಿನಲ್ಲಿ ತಂದೆ.

ಬಂದರಿನಲ್ಲಿ ಹಡಗಿನ ಬಾಗಿಲು ತೆರೆದರೂ ಕಾರು ಚಾಲೂ ಆಗಲಿಲ್ಲ. ಹಿಂದೆ ಲಾರಿಗಳ ಸಾಲು. ಲಾರಿಯವನೊಬ್ಬ ಇಳಿದು ಬಂದು, "ಏನಜ್ಜಿ, ವಾಪಸ್ ಎಸ್ಟೋನಿಯಾಕ್ಕೇ ತಳ್ಳಿಬಿಡ್ಲಾ?" ಎಂದ.

"ನಿನ್ನ ಲಾರಿಗಿಂತ ಮುಂಚೆ ಇಳಿಸ್ತೀನಿ, ನೋಡ್ತಿರು!"

ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲನ್ನು ಡಿಕ್ಕಿಯಿಂದ ತೆಗೆದು ಕಾರಿನ ಮುಂದುಗಡೆ ಸಿಕ್ಕಿಸಿದೆ. ಅದು ಹಿಂದಕ್ಕೆ ಒದ್ದರೆ ಬೆರಳು ಮುರಿಯದಿರಲೆಂದು, ನೀನು ಹೇಳಿಕೊಟ್ಟಂತೆ ಹೆಬ್ಬೆರಳನ್ನು ಅದಕ್ಕೆ ಸುತ್ತದೆ, ಮಿಕ್ಕ ಬೆರಳುಗಳ ಜೊತೆಗೇ ಇಟ್ಟುಕೊಂಡು ತಿರುಗಿಸಿದೆ. ಮೂರನೆಯ ಸಲಕ್ಕೆ ಎಂಜಿನ್ ಗುಡುಗಿತು. ಅರವತ್ತೊಂಬತ್ತರ ವಯಸ್ಸಿನಲ್ಲಿ ಚಿಕ್ಕ ಹುಡುಗಿಯ ಹಾಗೆ ನಕ್ಕುಬಿಟ್ಟೆ.

ಬರುವ ದಾರಿಯಲ್ಲಿ ನನ್ನ ಹಳೆಯ ಶಾಲೆ ಸಿಕ್ಕಿತು. ಗೆಳತಿಯರ ಅಪ್ಪಂದಿರೆಲ್ಲ ಆಫೀಸಿನವರು. ನೀನು ಟ್ಯಾಕ್ಸಿಯಲ್ಲಿ ಬಿಡಲು ಬಂದಾಗಲೆಲ್ಲ ಎರಡು ಬೀದಿ ಹಿಂದೆಯೇ ಇಳಿಸು ಎನ್ನುತ್ತಿದ್ದೆ ನಾನು. ಯಾಕೆಂದು ನೀನು ಒಂದು ದಿನವೂ ಕೇಳಲಿಲ್ಲ.

ಇವತ್ತು ಗೇಟಿನ ಎದುರಿಗೇ ನಿಲ್ಲಿಸಿ ಹಾರನ್ ಒತ್ತಿದೆ. ಮಕ್ಕಳೆಲ್ಲ ಬೇಲಿಗೆ ಓಡಿಬಂದರು. "ಯಾರ್ದಜ್ಜಿ ಈ ಕಾರು?" ಎಂದು ಕೇಳಿದರು.

"ನಮ್ಮಪ್ಪಂದು" ಎಂದೆ.

ನಿನ್ನ
ಐಲಾ