ಬೀದಿ ತುಂಬ ಹೊಸ ಬೀಗಗಳು

ಮನೆಯಿಂದ,
ಗುರುವಾರ, ಹದಿನೇಳನೇ ತಾರೀಖು, ಸಂಜೆ

ನನ್ನ ಮೊಂಡ ತಮ್ಮನಿಗೆ ಅಕ್ಕನ ಪ್ರೀತಿಯ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಕೆಮ್ಮು ನಿಂತಿತೇ? ಹೋದ ಸಲ ಜಾಲರಿಯ ಆಚೆ ನಿಂತು "ಏನಿಲ್ಲ ಅಕ್ಕಾ, ಧೂಳು" ಎಂದೆಯಲ್ಲ, ಆ ಧೂಳಿನ ಕಥೆ ನನ್ನ ಹತ್ತಿರ ಬೇಡ. ಚಿಕ್ಕಂದಿನಲ್ಲಿ ಮೈ ಕೆಂಡವಾಗಿದ್ದಾಗಲೂ ಅಪ್ಪನ ಪಕ್ಕ ಅರ ಹಿಡಿದು ಕೂತವನು ನೀನು. ಅಲ್ಲಿಗೆ ಡಾಕ್ಟರು ವಾರಕ್ಕೊಮ್ಮೆ ಬರುತ್ತಾರಂತೆ; ಸಾಲಿನಲ್ಲಿ ನಿಂತು ಎದೆ ತೋರಿಸು, ನಿನ್ನ ಗಂಟೇನೂ ಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಚೂಟಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಮಾತು ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ. ಮಾವ ಬರುವಷ್ಟರಲ್ಲಿ ಹೊಸ ಹಲ್ಲು ಬರುತ್ತಾ ಎಂದು ದಿನಾ ನನ್ನ ತಲೆ ತಿನ್ನುತ್ತಾಳೆ. ಹೆತ್ತವಳಿಗಿಂತ ಮಾವನೇ ಹೆಚ್ಚಾಗಿಬಿಟ್ಟಿದ್ದಾನೆ ಅವಳಿಗೆ.

ಇನ್ನು ವಿಷಯಕ್ಕೆ ಬರುತ್ತೇನೆ. ಅವಧಿಗೆ ಮೊದಲೇ ಬಿಡುವವರ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆ ಎಂದು ವಕೀಲರು ಹೇಳಿದರು. ಆದರೆ ಒಂದು ಕಾಗದ ಬೇಕು. ನಮ್ಮ ಬಡಾವಣೆಯಲ್ಲೇ ಅಂಗಡಿ ಇಟ್ಟಿರುವ ಯಾರಾದರೂ ಒಬ್ಬರು, ಇವನಿಗೆ ನಾನು ಕೆಲಸ ಕೊಡುತ್ತೇನೆ ಎಂದು ಸಹಿ ಹಾಕಬೇಕು. ಶನಿವಾರದೊಳಗೆ ಅದನ್ನು ಕೊಡದಿದ್ದರೆ ಇನ್ನೊಂದು ವರ್ಷ ನಿನ್ನ ಹೆಸರು ಎತ್ತುವುದಿಲ್ಲವಂತೆ. ನಮ್ಮ ಬೀಗದ ಅಂಗಡಿಯನ್ನೇ ಮುಚ್ಚಿಸಿರುವುದರಿಂದ ನನ್ನ ಸಹಿ ನಡೆಯುವುದಿಲ್ಲ. ಅದಕ್ಕೇ ಇವತ್ತು ಹೊಲಿಗೆ ಕಾರ್ಖಾನೆಗೆ ರಜೆ ಹಾಕಿ, ಚೂಟಿಯನ್ನು ಶಾಲೆಗೆ ಬಿಟ್ಟು, ಕಾಗದ ಹಿಡಿದುಕೊಂಡು ಹೊರಟೆ.

ಒಂದು ಮಾತು ಹೇಳಲಾ? ಈ ಬೀದಿಯಲ್ಲೇ ಹುಟ್ಟಿ ಬೆಳೆದವಳು ನಾನು, ಆದರೆ ಈ ಅಂಗಡಿಗಳ ಒಳಗೆ ಹೋಗಿ ನಿಂತು ನೋಡಿದ್ದು ಇವತ್ತೇ. ನನಗೆ ಗೊತ್ತಿದ್ದದ್ದು ಇವರ ಬೀಗಗಳು. ದರ್ಜಿಯದು ಎಳೆದರೇ ತೆರೆದುಕೊಳ್ಳುವ ಲೊಡ್ಡು ಬೀಗ, ಲಾಂಡ್ರಿಯಮ್ಮನದು ಎರಡು ಸುತ್ತಿನದು, ಸೈಕಲ್ ಅಂಗಡಿಯದು ಮಳೆಗಾಲದಲ್ಲಿ ಎಣ್ಣೆ ಬಿಡದಿದ್ದರೆ ಹಟ ಮಾಡುವಂಥದು. ಇಷ್ಟು ದಿನ ತಲೆ ತಗ್ಗಿಸಿಯೇ ಓಡಾಡಿದವಳು ಇವತ್ತು ನೋಡಿದರೆ ಒಂದೂ ಇಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ಎಲ್ಲ ಬಾಗಿಲಿಗೂ ಹೊಸ ಬೀಗ. ನಮ್ಮ ಅಂಗಡಿಯಲ್ಲಿ ಮಾಡಿದ ನಕಲು ಬೀಗದಕೈಯಿಂದ ಕಳ್ಳರು ಫೋಟೋ ಚೌಕಟ್ಟಿನ ಅಂಗಡಿಯವರ ಮನೆ ತೆರೆದು, ಅವರ ಹೆಂಡತಿಯ ಬಾಯಿಗೆ ಬಟ್ಟೆ ತುರುಕಿ ಕೊಂದು ಹೋದರಲ್ಲ, ಅದಾದ ವಾರದಲ್ಲೇ ಎಲ್ಲರೂ ಬದಲಾಯಿಸಿದ್ದಾರೆ. ಅಪ್ಪ ಕೈಯಾರೆ ಕೂರಿಸಿದ ಬೀಗಗಳನ್ನು ಗುಜರಿಗೆ ಹಾಕಿದ್ದಾರೆ. ನನಗೆ ಹೊಟ್ಟೆ ಉರಿಯಿತು. ಆದರೆ ಯಾವ ಮುಖ ಇಟ್ಟುಕೊಂಡು ಏನು ಹೇಳುವುದು?

ಮೊದಲು ದರ್ಜಿಯ ಹತ್ತಿರ ಹೋದೆ. ಒಳಗೆ ಗೋಡೆಯುದ್ದಕ್ಕೂ ಹೊಲಿದು ಮುಗಿಸಿದ, ಯಾರೂ ಬಂದು ಒಯ್ಯದ ಬಟ್ಟೆಗಳು ನೇತಾಡುತ್ತಿವೆ; ಒಂದು ಕೋಟಿನ ಚೀಟಿಯಲ್ಲಿ ಹನ್ನೊಂದು ವರ್ಷದ ಹಿಂದಿನ ತಾರೀಖು. ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ, ಆದರೆ ನನಗೆ ಇಲ್ಲ ಅಂದರು. ಟೇಪನ್ನು ಕೊರಳಿಂದ ತೆಗೆದು ಬೆರಳಿಗೆ ಸುತ್ತುತ್ತಾ, "ಅವನ ಕೈ ಚೆನ್ನಾಗಿತ್ತಮ್ಮ, ಬುದ್ಧಿ ಕೆಟ್ಟಿತು" ಎಂದರು. ನಿನ್ನ ಗೆಳೆಯ, ಆ ಸೈಕಲ್ ಅಂಗಡಿಯ ಮಹಾರಾಯ, ನನ್ನನ್ನು ಕಂಡಕೂಡಲೇ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತೂತು ಹುಡುಕತೊಡಗಿದ. ತೂತು ಆಗಲೇ ಬುಳುಬುಳು ಎನ್ನುತ್ತಿತ್ತು. ನಾನು ಪೂರ್ತಿ ವಿಷಯ ಹೇಳಿ ಮುಗಿಸುವವರೆಗೂ ಅವನು ಅದೇ ತೂತನ್ನು ಹುಡುಕುತ್ತಲೇ ಇದ್ದ. ಕಡೆಗೆ "ಅಕ್ಕಾ, ಮನೇಲಿ ಒಪ್ಪಲ್ಲ" ಅಂದ. ತಲೆ ಎತ್ತಲಿಲ್ಲ.

ಲಾಂಡ್ರಿಯಮ್ಮನ ಅಂಗಡಿಯ ಹಿಂಭಾಗ ನೀನು ನೋಡಿಲ್ಲ. ಹಬೆಯಲ್ಲಿ ಎದುರಿಗಿರುವವರ ಮುಖ ಕಾಣುವುದಿಲ್ಲ, ಗೋಡೆಯ ಸುಣ್ಣ ಬೆವರಿ ಉದುರಿದೆ, ಕೆಲಸದ ಹೆಂಗಸರು ಇಸ್ತ್ರಿ ಎತ್ತಿ ಎತ್ತಿ ಒಂದು ಭುಜ ಇಳಿಬಿಟ್ಟು ನಡೆಯುತ್ತಾರೆ. ಆಯಮ್ಮ ನನ್ನನ್ನು ಕೂರಿಸಿ, ನೀರು ಕೊಟ್ಟು, ನನ್ನ ಕೈ ಹಿಡಿದುಕೊಂಡು ಅತ್ತರು. "ಪಾಪ, ನೀನೇನು ತಪ್ಪು ಮಾಡಿದ್ದೆ ಇಂಥವನ ಅಕ್ಕ ಆಗೋದಕ್ಕೆ" ಅಂದರು. ಆಮೇಲೆ ಒಂದು ತಗಡಿನ ಡಬ್ಬಿ ತಂದು ಮುಚ್ಚಳ ತೆಗೆದರು. ಗಿರಾಕಿಗಳು ಜೇಬಿನಲ್ಲಿ ಮರೆತು ಬಿಟ್ಟ ಬೀಗದಕೈಗಳು, ಡಬ್ಬಿ ತುಂಬ. ಇವನ್ನು ಇಟ್ಟುಕೊಂಡು ಅವನನ್ನು ಹೇಗಮ್ಮ ಒಳಗೆ ಸೇರಿಸಲಿ ಎಂದು ಕೇಳಿದರು. ಇಡೀ ದಿನ ಹೀಗೇ ಆಯಿತು ಕಣೋ. ನಿನಗೆ ಬೈಗುಳ, ನನಗೆ ಅಯ್ಯೋ ಪಾಪ. ಆ ಅಯ್ಯೋ ಪಾಪವನ್ನು ನಾನು ತಲೆ ತಗ್ಗಿಸಿ ಇಸಿದುಕೊಂಡೆ. ಅದನ್ನು ನೆನೆದರೆ ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಾಲ್ಕು ಗಂಟೆಯ ಹೊತ್ತಿಗೆ ಒಂದೇ ಒಂದು ಅಂಗಡಿ ಉಳಿದಿತ್ತು. ಎರಡೂವರೆ ವರ್ಷದಿಂದ ಆ ಕಡೆಯ ಫುಟ್‌ಪಾತ್ ತುಳಿದಿಲ್ಲ ನಾನು. ಇವತ್ತೂ ದಾಟಿ ಹೋಗುತ್ತಿದ್ದೆ. ಚೌಕಟ್ಟಿನ ಅಂಗಡಿಯವರೇ ಬಾಗಿಲಿಗೆ ಬಂದು ಕರೆದರು, "ಎಲ್ಲ ಅಂಗಡಿ ಹತ್ತಿದೆ, ಇದು ಕಣ್ಣಿಗೆ ಬೀಳಲಿಲ್ಲವಾ?" ಚಪ್ಪಲಿ ಹೊರಗೆ ಬಿಟ್ಟು ಹೋದೆ. ಒಳಗೆ ಅಂಟು ಮತ್ತು ಮರದ ಪುಡಿಯ ವಾಸನೆ. ಅವರು ಗಾಜು ಕೊಯ್ಯುತ್ತಿದ್ದರು. ಗೀರು ಎಳೆದು, ಕೆಳಗಿನಿಂದ ಒಂದು ಸಣ್ಣ ಏಟು, ಗಾಜು ಎರಡಾಗುತ್ತದೆ. ಕಾಗದವನ್ನು ಎರಡು ಸಲ ಓದಿದರು. ತುಂಬ ಮುದುಕರಾಗಿಬಿಟ್ಟಿದ್ದಾರೆ.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ನಿನಗೆ ಗೊತ್ತಿರಬೇಕು. "ಅವಳಿಗೆ ಮರೆವು. ಹೊರಗೆ ಹೋದ್ರೆ ದಾರಿ ಗೊತ್ತಾಗ್ತಿರಲಿಲ್ಲ. ಅದಕ್ಕೆ ದಿನಾ ಬೀಗ ಹಾಕಿ ಬರ್ತಿದ್ದೆ. ಬಾಗಿಲು ತೆರೆದಿದ್ರೆ ಓಡಿ ಬರ್ತಿದ್ದಳೇನೋ. ನನ್ನ ಪಾಲು ನನಗಿದೆ. ನಿನ್ನ ತಮ್ಮನ ಪಾಲು ಅವನು ತಗೊಳ್ಳಲಿ. ಆ ಬೀಗದಕೈ ಮಾಡಿದ ಕೈ ದಿನಾ ನನ್ನ ಕಣ್ಣೆದುರು ಕೆಲಸ ಮಾಡ್ತಿರಬೇಕು, ನಾನು ಸಾಯೋತನಕ." ಮೂಲೆಯಲ್ಲಿ ಒಂದು ಸ್ಟೂಲು ತೋರಿಸಿದರು, ನೀನು ಅಲ್ಲಿ ಕೂರಬೇಕಂತೆ, ಅವರಿಗೆ ಎದುರಾಗಿ. ನಾನು ಎರಡೂ ಕೈಗಳನ್ನು ಚೀಲದ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಪೆನ್ನು ಕೇಳಿದರು. ಕೊಡಲು ಕೈ ಹೊರಗೆ ತೆಗೆಯಲೇಬೇಕಾಯಿತು. ಅವರು ಸಹಿ ಹಾಕಿದರು.

ಹೀಗೆ ಕೆಲಸವಾಯಿತು. ಬೆಳಿಗ್ಗೆ ವಕೀಲರಿಗೆ ಕೊಟ್ಟರೆ ಮುಗಿಯಿತು, ಮುಂದಿನ ತಿಂಗಳು ನೀನು ಮನೆಯಲ್ಲಿರುತ್ತೀಯ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ. ಹೊತ್ತು ಹೊತ್ತಿಗೆ ಊಟ ಮಾಡು, ಎದೆ ತೋರಿಸುವುದನ್ನು ಮರೆಯಬೇಡ. ಚೂಟಿ ಹಲ್ಲಿಲ್ಲದ ಮುತ್ತು ಕಳಿಸಿದ್ದಾಳೆ. ಎಲ್ಲಿದ್ದರೂ ಚೆನ್ನಾಗಿರು, ನೂರು ಕಾಲ ಬಾಳು.

ಇಂತಿ,
ನಿನ್ನ ಅಕ್ಕ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಆ ಸಹಿಯನ್ನು ವಕೀಲರಿಗೆ ಕೊಡುವುದಿಲ್ಲ. ಆ ಸ್ಟೂಲಿನ ಮೇಲೆ ನಿನ್ನನ್ನು ಕೂರಿಸಲು ನನ್ನಿಂದ ಆಗುವುದಿಲ್ಲ. ನಿನಗೆ ಬರುವ ಕಾಗದಗಳನ್ನು ಗೇಟಿನಲ್ಲಿ ಒಡೆದು ಓದುತ್ತಾರೆ ಎಂದು ಇಷ್ಟು ದಿನ ಒಂದು ಮಾತನ್ನು ಬರೆಯದೆ ಬಿಟ್ಟಿದ್ದೆ. ಈಗ ಓದಲಿ ಎಂದೇ ಬರೆಯುತ್ತಿದ್ದೇನೆ. ಓದುತ್ತಿರುವ ಸಾಹೇಬರೇ, ಆ ಬೀಗದಕೈ ಮಾಡಿದ್ದು ನಾನು. ಇವನು ಆ ಹೊತ್ತಿಗೆ ಊಟಕ್ಕೆ ಹೋಗಿದ್ದ. ಬೀಗವನ್ನಾಗಲಿ ಬೀಗದಕೈಯನ್ನಾಗಲಿ ಕಣ್ಣಿಂದ ನೋಡದೆ, ಬರೀ ಅಚ್ಚು ನೋಡಿ ಮಾಡಕೂಡದು ಎಂಬುದು ನಮ್ಮಪ್ಪನ ಕಟ್ಟಪ್ಪಣೆ. ಸೋಪಿನಲ್ಲಿ ಅಚ್ಚು ತಂದವನು, "ನಮ್ಮಪ್ಪ ಅಮ್ಮನ್ನ ಒಳಗಿಟ್ಟು ಬೀಗ ಹಾಕ್ಕೊಂಡು ಹೋಗ್ತಾರೆ, ಅವಳು ಕಿಟಕೀಲಿ ನಿಂತು ಅಳ್ತಾಳೆ" ಎಂದ. ನನ್ನ ಗಂಡ ಬದುಕಿದ್ದಾಗ ನನ್ನನ್ನೂ ಹಾಗೇ ಬೀಗ ಹಾಕಿಟ್ಟು ಹೋಗುತ್ತಿದ್ದ. ಇದು ನನ್ನ ತಮ್ಮನಿಗೂ ಗೊತ್ತಿಲ್ಲ. ನಾನು ಹಿಂದೆ ಮುಂದೆ ನೋಡದೆ ಅರ ಹಿಡಿದೆ. ಅಚ್ಚು ತಂದವನು ಸಿಗಲಿಲ್ಲ; ಸಿಕ್ಕಿಬಿದ್ದ ಕಳ್ಳರಿಗೆ ಗೊತ್ತಿದ್ದದ್ದು ಅಂಗಡಿಯ ಗುರುತು ಮಾತ್ರ.

ಮೊಂಡಾ, ಯಾಕೆ ಮಾಡಿದೆ ಅಕ್ಕಾ ಎಂದು ನೀನು ಒಂದು ದಿನವೂ ಕೇಳಲಿಲ್ಲ. ಕಾರಣ ಇದೇ. ಬೆಳಿಗ್ಗೆ ಮೊದಲು ಚೌಕಟ್ಟಿನ ಅಂಗಡಿಗೆ, ಅಲ್ಲಿಂದ ನೆಟ್ಟಗೆ ಠಾಣೆಗೆ ಹೋಗುತ್ತೇನೆ. ಚೂಟಿ ಪಕ್ಕದ ಮನೆಯ ಅಜ್ಜಿಯ ಹತ್ತಿರ ಇರುತ್ತಾಳೆ, ನೀನು ಬಂದು ಕರೆದುಕೋ. ನಿನ್ನನ್ನು ಕರೆಸಿ ಕೇಳುತ್ತಾರೆ. ಅವತ್ತು ಪೊಲೀಸರು ಅಂಗಡಿಗೆ ಬಂದಾಗ, ಕಂಕುಳಲ್ಲಿ ಮಗು ಇಟ್ಟುಕೊಂಡು ನಿಂತಿದ್ದ ನನ್ನನ್ನು ನೋಡಿ, ನಾನು ಬಾಯಿ ತೆರೆಯುವ ಮೊದಲೇ ನೀನು "ನಾನೇ" ಅಂದೆ. ನಾನು ಸುಮ್ಮನಿದ್ದೆ. ಈ ಸಲ ನೀನು ಸುಮ್ಮನಿರು.