ದೂರಮಾತು ಬಿಟ್ಟುಕೊಟ್ಟ ಪುಷ್ಯ

ಕುಂಬಾರ ಓಣಿ, ಬೀದರ
ಪುಷ್ಯ ಮಾಸದ ಐವತ್ತೇಳನೆಯ ದಿನ, ಇಸವಿ ೨೩೦೮

ನನ್ನ ಮೊಮ್ಮಗುವಿಗೆ,

ತಾರೀಖು ನೋಡಿ ಆಯಿಗೆ, ಅಂದರೆ ನಿನ್ನ ಅವ್ವನ ಅವ್ವನಿಗೆ, ಅರಳುಮರಳು ಎಂದುಕೊಳ್ಳಬೇಡ. ತಿಂಗಳಿಗೆ ಮೂವತ್ತೇ ದಿನ ಎಂಬುದು ನನಗೂ ಗೊತ್ತು. ಆದರೆ ನಮ್ಮ ಬೀದರದಲ್ಲಿ ಧೂಳಿನ ಮಂಕು ಮುಗಿಲಿಗೆ ಕವಿದ ದಿನದಿಂದ ಮತ್ತೆ ಬಿಸಿಲು ಕಾಣುವ ದಿನದವರೆಗೂ ಪುಷ್ಯವನ್ನೇ ಎಣಿಸುತ್ತೇವೆ. ಸಾಮಾನ್ಯವಾಗಿ ನಲವತ್ತಕ್ಕೆ ಮುಗಿಯುತ್ತದೆ. ಈ ವರ್ಷ ಮುಗಿಯುತ್ತಿಲ್ಲ. ನೀನು ಬೆಳೆಯುವುದು ಕಾರವಾರದ ತೇಲೂರಿನಲ್ಲಿ, ಅಂದರೆ ಸಮುದ್ರದ ಮೇಲೆ ಕಟ್ಟಿದ ಊರಿನಲ್ಲಿ. ಅಲ್ಲಿ ಚಳಿ ಎಂಬುದೇ ಇಲ್ಲವಂತೆ. ಹಾಗಾಗಿ ನನ್ನ ಕೆಲವು ಮಾತು ನಿನಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸು, ಬೇರೆ ಮಾತು ನನ್ನ ಬಳಿ ಇಲ್ಲ. ನೀನು ಗಂಡೋ ಹೆಣ್ಣೋ ಎಂಬುದೂ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಯಾಕೆ ಗೊತ್ತಿಲ್ಲ ಎಂದು ಹೇಳುವುದಕ್ಕೇ ಈ ಕಾಗದ.

ಇಲ್ಲಿ ಪ್ರತಿ ಮನೆಯ ಅಂಗಳದಲ್ಲಿ ಒಂದು ಬಿಸಿಲುಗಡಿಗೆ ಹೂಳಿರುತ್ತಾರೆ. ಆಳೆತ್ತರದ ಮಣ್ಣಿನ ಗಡಿಗೆ, ಒಳಗೆ ಉಪ್ಪು. ಬೇಸಿಗೆಯ ಬಿಸಿಲು ಆ ಉಪ್ಪನ್ನು ಕರಗಿಸಿ ಇಡುತ್ತದೆ. ಪುಷ್ಯವಿಡೀ ನಮ್ಮ ಒಲೆ, ದೀಪ, ಸ್ನಾನದ ನೀರು, ಹಾಸಿಗೆಯ ಕೆಳಗಿನ ಬೆಚ್ಚಗಿನ ಕಲ್ಲು ಎಲ್ಲವೂ ಅದರ ಕಾವಿನಿಂದಲೇ ನಡೆಯಬೇಕು. ಹಿಂದಿನ ಶತಮಾನದವರಿಗೆ ಮನೆಖರ್ಚು ಎಂದರೆ ದುಡ್ಡು, ನಮಗೆ ಖರ್ಚು ಎಂದರೆ ಬಿಸಿ. ಆದ್ದರಿಂದ ನಾವು ವಾರಕ್ಕೊಮ್ಮೆ ರೊಟ್ಟಿ ಬಡಿದು ಒಣಗಿಸಿ ಇಟ್ಟುಕೊಳ್ಳುತ್ತೇವೆ, ಬೇಳೆಯನ್ನು ಹಿಂದಿನ ದಿನವೇ ನೆನೆಹಾಕುತ್ತೇವೆ, ಸಂಜೆಯಾದರೆ ಒಂದೇ ಕೋಣೆ ಸೇರಿ ಒಂದೇ ಕೌದಿಯೊಳಗೆ ಕಾಲು ತೂರಿಸಿ ಕೂರುತ್ತೇವೆ. ನಿನ್ನ ಮುತ್ಯಾ, ಅಲ್ಲಿ ಅಜ್ಜ ಎನ್ನುತ್ತೀರೇನೋ, ಕೌದಿಯ ಮುಕ್ಕಾಲು ಪಾಲು ಎಳೆದುಕೊಳ್ಳುತ್ತಾರೆ, ಕೇಳಿದರೆ ನಾನಲ್ಲ ಎನ್ನುತ್ತಾರೆ.

ಪುಷ್ಯದ ಮೊದಲ ದಿನ ಓಣಿಯವರೆಲ್ಲ ತಂತಮ್ಮ ಬಾಗಿಲಲ್ಲಿ ನಿಂತು ಬಿಡುಮಾತು ಆಡುವುದು ಇಲ್ಲಿಯ ಪದ್ಧತಿ. ಯಾರ ಗಡಿಗೆ ಒಡೆದಿದೆಯೋ ಅವರಿಗಾಗಿ ಪ್ರತಿ ಮನೆಯೂ ತನ್ನ ಖರ್ಚಿನಲ್ಲಿ ಒಂದನ್ನು ಕೈಬಿಟ್ಟು, ಅದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಈ ಸಲ ಪಕ್ಕದ ಮನೆಯ ಮೆಹರುನ್ನೀಸಾಳ ಗಡಿಗೆ ಮಳೆಗಾಲದಲ್ಲೇ ಬಿರುಕು ಬಿಟ್ಟಿತ್ತು. ಆಕೆಯ ಸೊಸೆ ಅವಳಿ ಹೆತ್ತು ಹದಿನೈದು ದಿನವಾಗಿತ್ತು. ನಾನು ಸ್ನಾನದ ನೀರು ಮತ್ತು ನನ್ನ ಹಾಸಿಗೆಯ ಕಲ್ಲು ಬಿಡುತ್ತೇನೆಂದು ಹೇಳಲು ಸಿದ್ಧಳಾಗಿ ನಿಂತಿದ್ದೆ. ಮೆಹರುನ್ನೀಸಾಳ ಮನೆಗೆ ಅಷ್ಟು ಸಾಕಾಗುತ್ತಿತ್ತು. ಅಷ್ಟರಲ್ಲಿ ಎದುರು ಮನೆಯ ಚಂದಮ್ಮ, “ನಾವ್ ಸಂಜಿ ದೀಪಾನೇ ಬಿಟ್ಟೀವಿ. ಕೆಲವ್ರಂಗ ಬರೇ ಜಳಕದ ನೀರು ಬಿಟ್ಟು ದೊಡ್ಡವ್ರಾಗಲ್ಲ ನಾವ್” ಎಂದು ನನ್ನ ಕಡೆ ನೋಡಿದಳು. ಹೋದ ವರ್ಷ ನಾನು ಬಿಟ್ಟದ್ದು ಜಳಕದ ನೀರು. ನನಗೆ ಮೈಯೆಲ್ಲ ಉರಿಯಿತು. “ನಮ್ ಮನ್ಯಾಗ ದೂರಮಾತು ಬಿಟ್ಟೀವಿ!” ಎಂದುಬಿಟ್ಟೆ. ಓಣಿಗೆ ಓಣಿಯೇ ಸುಮ್ಮನಾಯಿತು. ಆ ಮೌನ ನನಗೆ ಎಷ್ಟು ಹಿತವಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ದೂರಮಾತು ಎಂದರೆ ದೂರದೂರಿಗೆ ದನಿ ಕಳಿಸುವ ಪೆಟ್ಟಿಗೆ. ಧೂಳಿನೊಳಗಿಂದ ದನಿ ದಾಟಬೇಕಾದರೆ ಅದು ಗಡಿಗೆಯ ಕಾವನ್ನು ಗಟಗಟ ಕುಡಿಯುತ್ತದೆ. ಓಣಿಯಲ್ಲಿ ಅದು ಇದ್ದದ್ದು ನಮ್ಮಲ್ಲಿ ಮಾತ್ರ. ಬೇರೆ ಓಣಿಗಳವು ಪುಷ್ಯದಲ್ಲಿ ಬಂದ್. ದಿನಾ ಸಂಜೆ ನಾನೂ ನಿನ್ನ ಅವ್ವ ಮಹಾನಂದಾಳೂ ಅದರಲ್ಲಿ ಮಾತಾಡುತ್ತಿದ್ದೆವು. ಕಾಲು ಬಾತಿವೆಯೇ, ಹುಳಿ ತಿನ್ನಬೇಕು ಅನ್ನಿಸುತ್ತದೆಯೇ, ನೀನು ಎಷ್ಟು ಸಲ ಒದ್ದೆ, ಇಂಥವೇ. ಹೆರಿಗೆಗೆ ಇನ್ನೂ ಎರಡೂವರೆ ತಿಂಗಳಿತ್ತು. ಅಷ್ಟರಲ್ಲಿ ಬಿಸಿಲು ಬಂದೇ ಬರುತ್ತದೆ ಎಂದುಕೊಂಡೆ. ಬಿಡುಮಾತು ಮುಗಿದ ಕೂಡಲೇ ಪೆಟ್ಟಿಗೆಯ ದಪ್ಪ ತಂತಿಯನ್ನು ಕಿತ್ತು ಗೋಡೆಯಾಚೆ ಮೆಹರುನ್ನೀಸಾಳ ಒಲೆಗೆ ಜೋಡಿಸಿದರು. ನಿನ್ನ ಅವ್ವನಿಗೆ ನಾನು ಒಂದು ಮಾತು ತಿಳಿಸಿಯೂ ಇರಲಿಲ್ಲ.

ಮೂವತ್ತಮೂರನೆಯ ದಿನ ಅಂಚೆಬಂಡಿ ಬಂತು. ನಿನ್ನ ಅಪ್ಪ ಬರೆದ ಕಾಗದ, ಹನ್ನೊಂದು ದಿನ ಹಳೆಯದು. ನೋವು ಈಗಲೇ ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ರಕ್ತ ನಿಲ್ಲುತ್ತಿಲ್ಲ, ಮಹಾನಂದಾ ಒಂದೇ ಸಮನೆ ತನ್ನ ಅವ್ವನ ದನಿ ಬೇಕು ಎನ್ನುತ್ತಾಳೆ, ಪೆಟ್ಟಿಗೆ ಯಾಕೆ ಮಾತಾಡುತ್ತಿಲ್ಲ ಎಂದು ಕೇಳಿದ್ದ. ವಿಷಯ ತಿಳಿದು ಮೆಹರುನ್ನೀಸಾ ಓಡಿ ಬಂದಳು. “ಅಕ್ಕಾ, ನಿಮ್ ತಂತಿ ನೀವ್ ತಗೋರಿ. ಮಗಳ ಸಂಗಟ ಮಾತಾಡ್ರಿ. ನಾವು ಕೂಸುಗೋಳಿಗಿ ಎದಿಗಿ ಅಪ್ಕೊಂಡು ಕೂಡ್ತೀವಿ” ಎಂದಳು. ಒಲೆಯ ಹೊಟ್ಟೆಯಲ್ಲೂ ಕಾವು ಹಿಡಿಯುವ ಉಪ್ಪು ಇರುತ್ತದೆ; ತಂತಿ ಒಮ್ಮೆ ಕಿತ್ತರೆ ಅವಳ ಒಲೆಯ ಉಪ್ಪು ಗಟ್ಟಿಯಾಗುತ್ತದೆ, ಬಿಸಿಲು ತೆರೆಯುವ ತನಕ ಮತ್ತೆ ಕರಗುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ನಾನು ಇಕ್ಕಳ ಹಿಡಿದು ಗೋಡೆಯ ತನಕ ಹೋದೆ. ಆಚೆ ಒಂದು ಕೂಸು ಸೀನಿತು. ಇಕ್ಕಳ ಅಲ್ಲೇ ಬಿಟ್ಟು ಒಳಗೆ ಬಂದೆ.

ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಿಟ್ಟು ನಾದಲು ಕೂತು ಅರ್ಧಕ್ಕೇ ಏಳುತ್ತೇನೆ. ದಿನಕ್ಕೆ ಹತ್ತು ಸಲ ಗೋಡೆಯ ತನಕ ಹೋಗುತ್ತೇನೆ, ಮಾಳಿಗೆ ಹತ್ತಿ ಮುಗಿಲು ನೋಡುತ್ತೇನೆ, ಇಳಿದು ಬಂದು ಮೂಕ ಪೆಟ್ಟಿಗೆಯ ಧೂಳು ಒರೆಸುತ್ತೇನೆ. “ಎಷ್ಟ್ ತಿರಗ್ತಿ, ಕೂಡ ಬಾ” ಎಂದು ನಿನ್ನ ಮುತ್ಯಾ ಗದರುತ್ತಾರೆ, ಆಮೇಲೆ ತಾವೇ ಎದ್ದು ಮಾಳಿಗೆ ಹತ್ತುತ್ತಾರೆ. ಓಣಿಯವರು ನನ್ನನ್ನು ದೊಡ್ಡ ಮನಸ್ಸಿನವಳು ಎನ್ನುತ್ತಾರೆ. ಚಂದಮ್ಮ ಕೂಡ ಬಂದು ನನ್ನ ಕೈ ಹಿಡಿದು ಅತ್ತಳು. ಅವಳ ಮೇಲೆ ಸಿಟ್ಟು ಮಾಡುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ನಿನಗೆ ಮಾತ್ರ ನಿಜ ಹೇಳುತ್ತೇನೆ. ಕೂಸುಗಳಿಗೆ ಬಿಸಿ ಕೊಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಜಳಕದ ನೀರು ನನ್ನದು, ಹಾಸಿಗೆಯ ಕಲ್ಲು ನನ್ನದು, ದೂರಮಾತಿನಲ್ಲಿ ಅರ್ಧ ನಿನ್ನ ಅವ್ವನದಾಗಿತ್ತು. ಹಟಕ್ಕೆ ಬಿದ್ದು, ಅವಳನ್ನು ಕೇಳದೆ, ಅವಳ ಪಾಲನ್ನೂ ಕೊಟ್ಟುಬಿಟ್ಟೆ. ಮುಂದೆ ನೀನೂ ನೆರೆಯವರಿಗಾಗಿ ಏನನ್ನೋ ಬಿಡಬೇಕಾಗಿ ಬರುತ್ತದೆ. ಧಾರಾಳವಾಗಿ ಬಿಡು. ಬೀದಿಯಲ್ಲಿ ನಿಂತು ಹೇಳುವ ಮೊದಲು ಅದು ಯಾರ ಯಾರದೆಂದು ಮನೆಯೊಳಗೆ ಕೇಳಿಕೊಂಡು ಬಾ.

ಆವತ್ತು ಬಂದ ಅಂಚೆಬಂಡಿ ಧೂಳಿಗೆ ಸಿಕ್ಕಿ ಇಲ್ಲೇ ನಿಂತಿತ್ತು, ಬೇರೆ ಬಂಡಿಯೂ ಸುದ್ದಿಯೂ ಬಂದಿಲ್ಲ; ನಾಳೆ ಬೆಳಿಗ್ಗೆ ಅದು ಹೊರಡುತ್ತದೆ. ಲಕೋಟೆಯ ಮೇಲೆ ‘ಮಹಾನಂದಾಳ ಮಗುವಿಗೆ’ ಎಂದಷ್ಟೇ ಬರೆದಿದ್ದೇನೆ. ನೀನು ಓದುವಷ್ಟು ದೊಡ್ಡದಾಗುವ ತನಕ ಒಡೆಯದೆ ಇಡಿ ಎಂದು ಕೆಳಗೆ ಸೇರಿಸಿದ್ದೇನೆ. ನೀನು ಇಲ್ಲದಿದ್ದರೆ ಇದನ್ನು ಒಡೆಯುವವಳು ನಿನ್ನ ಅವ್ವ. ಅವಳಿಗೆ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ. ಅದಕ್ಕೇ, ಕಂದಾ, ಈ ಕಾಗದ ನೀನೇ ಓದಬೇಕು.

ನಿನ್ನ ಆಯಿ,
ನೀಲಾಂಬಿಕಾ